ಆ ದಿನ ಗೇಟಿನಲ್ಲಿ ನೋಡಿದ್ದನ್ನು ಕೋರ್ಟಿನಲ್ಲಿ ಹೇಳಿ

ಭೋಸರಿ, ಚಾಕಣ, ಪಿಂಪ್ರಿ-ಚಿಂಚ್‌ವಡದ ಕಂಪನಿಗಳಲ್ಲಿ ದುಡಿಯುತ್ತಿರುವ ನಮ್ಮ ಕನ್ನಡದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,

ಎಲ್ಲರಿಗೂ ಶರಣು.

ಈ ಪತ್ರವನ್ನು ಯಾರು ಬೇಕಾದರೂ ಓದಬಹುದು. ಆದರೆ ನಾನು ಬರೆಯುತ್ತಿರುವುದು ಮುಖ್ಯವಾಗಿ ಸುಮಾರು 140 ಮಂದಿಗೆ. 2016ರ ಆಗಸ್ಟ್‌ನಲ್ಲಿ, ಜೋರು ಮಳೆಯ ಒಂದು ದಿನ, ಪುಣೆ ಹತ್ತಿರದ ಭೋಸರಿ ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ಪ್ರದೇಶದ) ಒಂದು ಕಂಪನಿಯಲ್ಲಿ ಫಸ್ಟ್ ಶಿಫ್ಟಿನಲ್ಲಿದ್ದವರಿಗೆ. ಯಾವ ಕಂಪನಿ ಅಂತ ನಿಮಗೆ ಗೊತ್ತು. ಕೇಸು ಕೋರ್ಟಿನಲ್ಲಿದೆ, ಅದಕ್ಕೇ ಹೆಸರು ಬರೆಯುವುದಿಲ್ಲ. ಆ ದಿನದ ಲೆಕ್ಕಕ್ಕೆ ಕೆಲಸ ಕಳೆದುಕೊಂಡ 23 ಜನರಲ್ಲಿ ನಾನೂ ಒಬ್ಬ. ಇಂಡಿ ತಾಲ್ಲೂಕಿನವನು. 1999ರಲ್ಲಿ ಇಲ್ಲಿಗೆ ಬಂದೆ, ಹದಿನೇಳು ವರ್ಷ ಪ್ರೆಸ್ ಶಾಪಿನಲ್ಲಿ ದುಡಿದೆ.

ಆ ದಿನ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಒಮ್ಮೆ ನೆನಪಿಸುತ್ತೇನೆ. ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಅಂದರೆ ಒತ್ತುವ ಅಚ್ಚು, ಕೆಳಗಿಳಿಯಬೇಕು. ಕೈ ಎರಡೂ ಬಟನ್ ಮೇಲಿದ್ದರೆ ಡೈ ಒಳಗೆ ಹೋಗುವ ಮಾತೇ ಇಲ್ಲ. ನಾಲ್ಕನೇ ಮಷಿನ್‌ನಲ್ಲಿ ಎಡಗಡೆ ಬಟನ್‌ಗೆ ತಗಡಿನ ಒಂದು ಸಣ್ಣ ಪಟ್ಟಿ ಮಡಿಸಿ ತುರುಕಿದ್ದರು. ಬಟನ್ ಯಾವಾಗಲೂ ಒತ್ತಿದ ಹಾಗೇ ಇರುತ್ತಿತ್ತು. ಒಂದು ಕೈ ಖಾಲಿ ಉಳಿದರೆ ಪೀಸ್ ಬೇಗ ಹಾಕಬಹುದು, ಗಂಟೆಗೆ ಹೆಚ್ಚು ಪೀಸ್ ಬೀಳುತ್ತವೆ, ಅಷ್ಟೇ ಲೆಕ್ಕ. ಆ ಪಟ್ಟಿಯ ತುದಿ ಹೊರಗೆ ಚಾಚಿಕೊಂಡಿತ್ತು, ಅದಕ್ಕೆ ಹಳದಿ ಟೇಪ್ ಸುತ್ತಿದ್ದರು. ಹಾದುಹೋಗುವವರ ತೋಳಿಗೆ ತಗುಲಬಾರದು ಅಂತ. ತೋಳಿಗೆ ಗೀರು ಬೀಳಬಾರದು ಅನ್ನುವಷ್ಟು ಯೋಚನೆ ಮಾಡಿದ್ದರು, ನೋಡಿ.

ಹನ್ನೊಂದೂ ಇಪ್ಪತ್ತಕ್ಕೆ ಹೆಲ್ಪರ್ ಹುಡುಗನ ಎರಡು ಬೆರಳು ಹೋದವು. ಅಫಜಲಪುರ ಕಡೆಯವನು, ಹತ್ತೊಂಬತ್ತು ವರ್ಷ, ಠೇಕೇದಾರನ ಕಡೆಯಿಂದ ಬಂದು ಮೂರು ತಿಂಗಳಾಗಿತ್ತು. ಅವನ ಕೈಗೆ ಹತ್ತಿಯ ವೇಸ್ಟ್ ಸುತ್ತಿ ಗೇಟಿಗೆ ಕರೆದುಕೊಂಡು ಬಂದೆವು. ಗೇಟ್ ಪಾಸ್ ಇಲ್ಲದೆ ಹೊರಗೆ ಬಿಡುವುದಿಲ್ಲ ಅಂದರು. ಕಂಪನಿಯ ಕಾರು ಅಲ್ಲೇ ನಿಂತಿತ್ತು. ಅದನ್ನು ಕೇಳಿದರೆ, ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೇವೆ, ಕಾಯಿರಿ ಅಂದರು. ಇಪ್ಪತ್ತೈದು ನಿಮಿಷ ಕಾದೆವು. ಕೊನೆಗೆ ಮಾಲು ಇಳಿಸಲು ಬಂದಿದ್ದ ಒಂದು ಟೆಂಪೋದವನು ಹತ್ತಿಸಿಕೊಂಡ. ಊಟದ ಬಿಡುವು ಹನ್ನೊಂದೂವರೆಯಿಂದ ಹನ್ನೆರಡು. ಬಿಡುವು ಮುಗಿದ ಮೇಲೆ ಹತ್ತು ನಿಮಿಷ ನಾವು ಕೆಲವರು ಮ್ಯಾನೇಜರ್ ಮುಂದೆ ನಿಂತು, ಆ ಪಟ್ಟಿ ತೆಗೆಸಿ, ಇಲ್ಲದಿದ್ದರೆ ನಾಳೆ ಇನ್ನೊಬ್ಬನ ಕೈ ಹೋಗುತ್ತದೆ ಅಂದೆವು. ಹನ್ನೆರಡೂ ಹತ್ತಕ್ಕೆ ಎಲ್ಲರೂ ಮಷಿನ್ ಮೇಲಿದ್ದೆವು.

ಕಂಪನಿ ಬರೆದಿದ್ದು ಬೇರೆ. ಹನ್ನೊಂದೂಕಾಲರಿಂದ ಎರಡೂಕಾಲರವರೆಗೆ, ಪೂರಾ ಮೂರು ತಾಸು, 23 ಜನ ಗೇಟ್ ಬಂದ್ ಮಾಡಿ, ಎಲ್ಲ ಕಾರ್ಮಿಕರನ್ನು ಕೆಲಸ ಮಾಡದಂತೆ ತಡೆದರು, ಅಧಿಕಾರಿಗಳಿಗೆ ಬೈದು ಬೆದರಿಸಿದರು ಅಂತ. ಮರುದಿನ ಬೆಳಿಗ್ಗೆ ನಮ್ಮ 23 ಜನರ ಕಾರ್ಡ್ ಪಂಚ್ ಆಗಲಿಲ್ಲ. ಅದರಲ್ಲಿ 19 ಜನ ಆ ವರ್ಷ ಯೂನಿಯನ್ ಫಾರ್ಮ್‌ಗೆ ಸಹಿ ಹಾಕಿದವರು. ಇಬ್ಬರು ಆ ದಿನ ಸೆಕೆಂಡ್ ಶಿಫ್ಟಿನವರು, ಗೇಟಿನ ಹತ್ತಿರ ಇರಲೇ ಇಲ್ಲ!

ಆಮೇಲೆ ನಡೆದಿದ್ದು ಒಳಗಿನ ವಿಚಾರಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಯಾರಿಗಾದರೂ ನಾಳೆ ಬೇಕಾಗಬಹುದು. ಒಬ್ಬ ಕಾರ್ಮಿಕನನ್ನು ತಪ್ಪಿನ ಮೇಲೆ ವಜಾ ಮಾಡಬೇಕಾದರೆ ಮೊದಲು ಚಾರ್ಜ್‌ಶೀಟ್ ಕೊಡಬೇಕು. ಆಪಾದನೆ ಏನು ಅಂತ ಸ್ಪಷ್ಟವಾಗಿ ಬರೆದಿರಬೇಕು. ಸಾಕ್ಷಿಗಳು ಅವನ ಎದುರಿಗೇ ಹೇಳಬೇಕು. ಅವರನ್ನು ಪ್ರಶ್ನೆ ಮಾಡಲು ಅವನಿಗೆ ಅವಕಾಶ ಇರಬೇಕು. ತನ್ನ ಕಡೆಯ ಸಾಕ್ಷಿ ತರಲು ಬಿಡಬೇಕು. ಸುಪ್ರೀಂ ಕೋರ್ಟ್ ಇದನ್ನು ಸುರ್ ಎನಾಮೆಲ್ ಕೇಸಿನಲ್ಲಿ 1963ರಲ್ಲೇ ಹೇಳಿದೆ. ನಮ್ಮ ವಿಚಾರಣೆಯಲ್ಲಿ ಎಲ್ಲ ಇಂಗ್ಲಿಷ್‌ನಲ್ಲಿ ನಡೆಯಿತು. ಜೊತೆಗಾರನೊಬ್ಬನನ್ನು ಪ್ರತಿನಿಧಿಯಾಗಿ ಕೂರಿಸಿಕೊಳ್ಳುತ್ತೇವೆ ಅಂದರೆ ಬಿಡಲಿಲ್ಲ. ಸಾಕ್ಷಿಗಳ ಪಟ್ಟಿ ಕೊಡಲಿಲ್ಲ. ಹಾಳೆ ತಿರುಗಿಸಿ, ಇಲ್ಲಿ ಸಹಿ ಮಾಡಿ, ಇಲ್ಲಿ ಮಾಡಿ ಅನ್ನುತ್ತಿದ್ದರು. ಡಿಸೆಂಬರ್‌ನಲ್ಲಿ ವಜಾ ಪತ್ರ ಪೋಸ್ಟಿನಲ್ಲಿ ಬಂತು.

ಅದೇ ತಿಂಗಳು, 2016ರ ಡಿಸೆಂಬರ್ 24ಕ್ಕೆ, ಪುಣೆ ಮೆಟ್ರೋಗೆ ಅಡಿಗಲ್ಲು ಬಿತ್ತು. ಕೋರ್ಟಿನ ತಾರೀಕಿಗೆ ಶಿವಾಜಿನಗರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅದರ ಕಂಬಗಳು ಏಳುವುದನ್ನು ನೋಡಿದೆವು. 2022ರ ಮಾರ್ಚ್‌ನಲ್ಲಿ ರೈಲು ಫುಗೇವಾಡಿವರೆಗೆ ಬಂತು. 2023ರ ಆಗಸ್ಟ್‌ನಲ್ಲಿ ಸಿವಿಲ್ ಕೋರ್ಟ್‌ವರೆಗೆ ಬಂತು. ಈಗ ನಾವು ನಾಶಿಕ್ ಫಾಟಾದಲ್ಲಿ ಹತ್ತಿ ಮೆಟ್ರೋದಲ್ಲೇ ತಾರೀಕಿಗೆ ಹೋಗುತ್ತೇವೆ. ಒಂದು ಊರಿಗೆ ಊರೇ ಮೆಟ್ರೋ ಕಟ್ಟಿ ಮುಗಿಸಿತು, ಹತ್ತು ನಿಮಿಷ ನಿಂತಿದ್ದು ತಪ್ಪೋ ಸರಿಯೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ತಡವಾಗಿದ್ದರಲ್ಲಿ ನಮ್ಮ ಪಾಲೂ ಇದೆ. ಮಹಾರಾಷ್ಟ್ರದಲ್ಲಿ 1971ರ ಕಾಯ್ದೆಯೊಂದಿದೆ, ಅನುಚಿತ ಕಾರ್ಮಿಕ ಪದ್ಧತಿಗಳನ್ನು ತಡೆಯಲು. ಇಲ್ಲಿನ ಯೂನಿಯನ್‌ನವರು ಅದನ್ನು ಪಲ್ಪ್ ಕಾಯ್ದೆ ಅನ್ನುತ್ತಾರೆ. ಅನ್ಯಾಯದ ವಜಾ ಅಂತ ಅದರಲ್ಲಿ ನೇರವಾಗಿ ಲೇಬರ್ ಕೋರ್ಟಿಗೆ ದೂರು ಕೊಡಬಹುದು, ಆದರೆ 90 ದಿನದೊಳಗೆ. ನಮಗೆ ಗೊತ್ತಿರಲಿಲ್ಲ. ಸಾಹೇಬರು ಕರೆಯುತ್ತಾರೆ, ಮಾತಾಡಿ ಮುಗಿಸುತ್ತಾರೆ ಅಂತ ಗೇಟಿನ ಎದುರು ಚಹಾ ಅಂಗಡಿಯಲ್ಲಿ ಕುಳಿತು ಆ 90 ದಿನ ಕಳೆದೆವು. ಆಮೇಲೆ 1947ರ ಕೈಗಾರಿಕಾ ವಿವಾದ ಕಾಯ್ದೆಯ ದಾರಿ ಹಿಡಿದೆವು. ಮೊದಲು ರಾಜಿ ಅಧಿಕಾರಿಯ ಮುಂದೆ, ರಾಜಿ ಮುರಿದು ಬಿದ್ದ ಮೇಲೆ ಲೇಬರ್ ಕೋರ್ಟ್. ನಡುವೆ ಕೊರೊನಾ. ನಡುವೆ ಜಡ್ಜ್ ಬದಲಿ. ಕೊನೆಗೆ 2024ರಲ್ಲಿ ಕೋರ್ಟು ಮೊದಲ ಭಾಗದ ತೀರ್ಪು ಕೊಟ್ಟಿತು. ಕಂಪನಿ ನಡೆಸಿದ ಒಳ ವಿಚಾರಣೆ ನ್ಯಾಯವಾಗಿರಲಿಲ್ಲ ಅಂತ.

ಆ ದಿನ ಭೋಸರಿಯ ಲಾಂಡೇವಾಡಿಯಲ್ಲಿ ಪೇಢಾ ಹಂಚಿದೆವು. ಗೆದ್ದೆವು ಅಂದುಕೊಂಡಿದ್ದೆವು. ವಕೀಲರು ಕೂರಿಸಿ ಹೇಳಿದರು: ಒಳ ವಿಚಾರಣೆ ಬಿದ್ದುಹೋದರೂ, ಆಪಾದನೆಯನ್ನು ಕೋರ್ಟಿನಲ್ಲೇ ಹೊಸದಾಗಿ ಸಾಬೀತು ಮಾಡಲು ಕಾನೂನು ಕಂಪನಿಗೆ ಇನ್ನೊಂದು ಅವಕಾಶ ಕೊಡುತ್ತದೆ. ಅದೇ ಈಗ ನಡೆಯುತ್ತಿದೆ. ಕಂಪನಿ ಸಾಕ್ಷಿಗಳನ್ನು ತರುತ್ತಿದೆ. ಅವರು ಮುಗಿದ ಮೇಲೆ ನಮ್ಮ ಸರದಿ.

ನಾನು ಈ ಪತ್ರ ಬರೆಯುತ್ತಿರುವುದು ಇದಕ್ಕಾಗಿಯೇ.

ಆ ಘಟನೆಯಾದ ಎರಡನೇ ದಿನ ನಿಮ್ಮಲ್ಲಿ ಅನೇಕರನ್ನು ಒಬ್ಬೊಬ್ಬರನ್ನಾಗಿ ಆಫೀಸಿಗೆ ಕರೆದು ಒಂದು ಟೈಪ್ ಮಾಡಿದ ಹಾಳೆಗೆ ಸಹಿ ಹಾಕಿಸಿಕೊಂಡರು. ಹಾಳೆ ಇಂಗ್ಲಿಷ್‌ನಲ್ಲಿತ್ತು. ಓದಿ ಹೇಳಿದವರು ಯಾರೂ ಇಲ್ಲ. ಸಹಿ ಹಾಕಿದವರಲ್ಲಿ ನಮ್ಮ ವಿಜಯಪುರ, ಕಲಬುರಗಿ, ಬೀದರ್ ಕಡೆಯವರೇ ಹತ್ತಾರು ಜನ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಅವತ್ತು ನನ್ನನ್ನು ಹೊರಗೆ ಹಾಕದೆ ನಿಮ್ಮ ಜಾಗದಲ್ಲಿ ಇಟ್ಟಿದ್ದರೆ, ಮನೆಯಲ್ಲಿ ಇಬ್ಬರು ಮಕ್ಕಳ ಫೀಸು ಕಟ್ಟುವುದಿತ್ತು, ಬಹುಶಃ ನಾನೂ ಸಹಿ ಹಾಕುತ್ತಿದ್ದೆ. ಆದರೆ ಆ ಹಾಳೆ ತಾನಾಗಿ ಸಾಕ್ಷಿಯಾಗುವುದಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ. ಸಹಿ ಹಾಕಿದವರು ಕೋರ್ಟಿಗೆ ಬಂದು ಹೇಳಬೇಕು, ಪಾಟಿಸವಾಲಿಗೆ ಉತ್ತರ ಕೊಡಬೇಕು. ಓದದೆ ಸಹಿ ಹಾಕಿದ್ದೆ ಅಂತ ಹೇಳುವುದು ಅಪರಾಧ ಅಲ್ಲ. ಅದು ನಿಜ ಅಲ್ವಾ? ನಿಜವನ್ನೇ ಹೇಳಿ.

ನಮ್ಮ ಪರವಾಗಿ ಹೇಳಿ ಅಂತ ನಾನು ಕೇಳುತ್ತಿಲ್ಲ. ನಾವು ನಿಂತಿದ್ದ ಹತ್ತು ನಿಮಿಷವನ್ನು ಐದು ನಿಮಿಷ ಮಾಡಿ ಅಂತಲೂ ಕೇಳುವುದಿಲ್ಲ. ನಮ್ಮಲ್ಲಿ ಒಬ್ಬ ಆ ದಿನ ಮ್ಯಾನೇಜರ್ ಜೊತೆ ಏರುದನಿಯಲ್ಲಿ ಮಾತಾಡಿದ್ದು ಹೌದು, ಅದನ್ನೂ ಹೇಳಿ. ಶಿಕ್ಷೆ ತಪ್ಪಿಗಿಂತ ಜಾಸ್ತಿಯಾಯಿತು ಅನಿಸಿದರೆ ಕಡಿಮೆ ಮಾಡುವ ಅಧಿಕಾರ ಲೇಬರ್ ಕೋರ್ಟಿಗೆ ಇದೆ, 1947ರ ಕಾಯ್ದೆಯ 11ಎ ಕಲಂನಲ್ಲಿ. ಏರುದನಿಯ ಮಾತಿಗೆ ಎಷ್ಟು ಶಿಕ್ಷೆ ಅಂತ ಅವರು ನೋಡಿಕೊಳ್ಳಲಿ. ನೀವು ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಸಾಕು. ಆ ಕಾರು, ಆ ಗೇಟ್ ಪಾಸ್, ಆ ಟೆಂಪೋ, ಆ ಹಳದಿ ಟೇಪ್.

ಭಯ ಇದೆ, ಗೊತ್ತು. ಸಾಕ್ಷಿ ಹೇಳಿದರೆ ನಮ್ಮ ಕೆಲಸವೂ ಹೋಗುತ್ತದೆ ಅಂತ ಮೂವರು ನನಗೆ ಫೋನಿನಲ್ಲೇ ಹೇಳಿದ್ದಾರೆ. ಹೋಗುವುದೇ ಇಲ್ಲ ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದರೆ ಕಾನೂನು ಏನು ಹೇಳುತ್ತದೆ ಅಂತ ಹೇಳುತ್ತೇನೆ. ಮಾಲೀಕರ ವಿರುದ್ಧ ಸಾಕ್ಷಿ ಹೇಳಿದ ಅಂತ ಕಾರ್ಮಿಕನನ್ನು ತೆಗೆಯುವುದು, ಅವನಿಗೆ ತಾರತಮ್ಯ ಮಾಡುವುದು ಅನುಚಿತ ಪದ್ಧತಿ ಅಂತ ಪಲ್ಪ್ ಕಾಯ್ದೆಯ ನಾಲ್ಕನೇ ಅನುಸೂಚಿಯ 7ನೇ ಕಲಂನಲ್ಲೇ ಬರೆದಿದೆ. 1947ರ ಕಾಯ್ದೆಯಲ್ಲೂ ಇದೇ ಮಾತಿತ್ತು. 2025ರ ನವೆಂಬರ್ 21ರಿಂದ ಅದರ ಬದಲು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಆ ಸಂಹಿತೆ ನಮ್ಮಂಥವರಿಂದ ಕಿತ್ತುಕೊಂಡಿದ್ದು ಬೇಕಾದಷ್ಟಿದೆ. ಕಾರ್ಖಾನೆ ಮುಚ್ಚಲು, ಜನರನ್ನು ಕಡಿಮೆ ಮಾಡಲು ಸರ್ಕಾರದ ಅನುಮತಿ ಬೇಕಾಗಿದ್ದ ಮಿತಿ 100 ಕಾರ್ಮಿಕರಿತ್ತು, ಅದನ್ನು 300ಕ್ಕೆ ಏರಿಸಿದರು. ಆದರೂ ಸಾಕ್ಷಿ ಹೇಳುವವನ ರಕ್ಷಣೆಯ ಸಾಲನ್ನು ಮಾತ್ರ ತೆಗೆಯಲಿಲ್ಲ.

ಇನ್ನೊಂದು ವಿಷಯ. ನೀವಾಗಿ ಬಂದಿರಿ ಅಂತ ಆಗುವುದು ಬೇಡ. ನಮ್ಮ ವಕೀಲರು ಅರ್ಜಿ ಹಾಕಿದರೆ ಕೋರ್ಟೇ ನಿಮಗೆ ಸಮನ್ಸ್ ಕಳಿಸುತ್ತದೆ. ಸಮನ್ಸ್ ಬಂದ ಮೇಲೆ ಯಾರೇ ಆಗಲಿ ಹೋಗಲೇಬೇಕು. ಕೋರ್ಟ್ ಕರೆದಿದೆ, ಹೋಗುತ್ತಿದ್ದೇನೆ ಅಂತ ಸೂಪರ್‌ವೈಸರ್‌ಗೆ ಹೇಳಬಹುದು. ಅದಕ್ಕೆ ಮೊದಲು ನಿಮ್ಮ ಒಪ್ಪಿಗೆ ಬೇಕು. ಒಪ್ಪದವರನ್ನು ಎಳೆದು ತಂದು ನಿಲ್ಲಿಸುವ ಮನಸ್ಸು ನಮಗಿಲ್ಲ.

ನಾವು ಹೊಟ್ಟೆಪಾಡಿಗೆ ಬಂದವರು, ಪರ ಊರು, ಊರ ಉಸಾಬರಿ ನಮಗ್ಯಾಕೆ ಅಂತ ನಮ್ಮ ಮಂದಿ ಹೇಳುವುದನ್ನು ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದೇನೆ. ಮುಂಬೈಯಲ್ಲಿ ಬಂದರಿನ ಪಕ್ಕದ ದೊಡ್ಡ ರಸ್ತೆಗೆ ಪಿ. ಡಿಮೆಲ್ಲೋ ಅವರ ಹೆಸರಿದೆ. ಮಂಗಳೂರು ಕಡೆಯಿಂದ ಬಂದು ಬಂದರು ಕಾರ್ಮಿಕರನ್ನು ಕಟ್ಟಿದವರು. ಅವರ ಕೈಕೆಳಗೆ ಕಲಿತ ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್, ಆ ಶಹರದ ಟ್ಯಾಕ್ಸಿಯವರಿಗೆ, ಮುನ್ಸಿಪಾಲಿಟಿ ಕಾರ್ಮಿಕರಿಗೆ ದನಿಯಾದರು, 1967ರಲ್ಲಿ ಅಲ್ಲಿಂದಲೇ ಲೋಕಸಭೆಗೆ ಗೆದ್ದರು. ಅವರೂ ಪರ ಊರಿನವರೇ. ಇಷ್ಟೆಲ್ಲ ಮಾಡಿ ಅಂತ ನಾನು ನಿಮ್ಮನ್ನು ಕೇಳುತ್ತಿಲ್ಲ. ಅರ್ಧ ದಿನದ ರಜೆ ಹಾಕಿ, ನೋಡಿದ್ದನ್ನು ಹೇಳಿ ಅಂತಷ್ಟೇ.

ಈ ಒಂಬತ್ತು ವರ್ಷದಲ್ಲಿ ನಮ್ಮ ಗತಿ ಏನಾಯಿತು ಅಂತಲೂ ನಿಮಗೆ ತಿಳಿಯಬೇಕು. 23 ಜನರಲ್ಲಿ ಆರು ಜನ ಹಿಸಾಬ್ (ಕಂಪನಿ ಕೊಟ್ಟ ಲೆಕ್ಕದ ಹಣ) ತೆಗೆದುಕೊಂಡು ಹೋದರು. ಅವರನ್ನು ಯಾರೂ ಬೈಯಬೇಡಿ, ಒಬ್ಬರ ಹೆಂಡತಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಇಬ್ಬರು ತೀರಿಕೊಂಡರು. ಅವರ ಹೆಂಡತಿಯರ ಹೆಸರು ಕೇಸಿನಲ್ಲಿ ಸೇರಿಸಿದ್ದೇವೆ. ಉಳಿದವರು ಹದಿನೈದು.

ನಮ್ಮ ಮನೆಯಲ್ಲಿ ಹೆಂಡತಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾಳೆ. ಎಂಟು ಗಂಟೆಯ ಒಳಗೆ ನೂರಿಪ್ಪತ್ತು ರೊಟ್ಟಿ. ಮೆಸ್‌ನವರು ಬಂದು ಒಯ್ಯುತ್ತಾರೆ. ಒಂದು ದಿನ ನಾನು ಡಬ್ಬಿ ಎತ್ತಿಕೊಟ್ಟಿದ್ದನ್ನು ಯಾರೋ ರಸ್ತೆಯ ಆಚೆ ಬದಿಯಿಂದ ಫೋಟೋ ತೆಗೆದರು. ಆ ಫೋಟೋ ಕೋರ್ಟಿಗೆ ಬಂತು. ಇವನಿಗೆ ಬೇರೆ ಆದಾಯ ಇದೆ, ಹಿಂದಿನ ಪಗಾರ ಕೊಡಬೇಕಾಗಿಲ್ಲ ಅನ್ನುವುದಕ್ಕೆ ಪುರಾವೆಯಾಗಿ. ಕಾರ್ಮಿಕನನ್ನು ಕಾನೂನು ಮೀರಿ ತೆಗೆದಿದ್ದರೆ, ವಾಪಸ್ ಕೆಲಸದ ಜೊತೆ ಹಿಂದಿನ ಪಗಾರ ಕೊಡುವುದೇ ಸಾಮಾನ್ಯ ನಿಯಮ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ದೀಪಾಲಿ ಸುರ್ವಸೆ ಕೇಸಿನಲ್ಲಿ ಹೇಳಿದೆ. ನಾನು ಬೇರೆ ಕಡೆ ನೌಕರಿಯಲ್ಲಿಲ್ಲ ಅಂತ ಕಾರ್ಮಿಕ ಹೇಳಿದರೆ, ಇದ್ದಾನೆ ಅಂತ ತೋರಿಸುವ ಭಾರ ಮಾಲೀಕರ ಮೇಲೆ ಬರುತ್ತದೆ. ಅದಕ್ಕೇ ಈ ಫೋಟೋ. ನನ್ನ ಹೆಂಡತಿ ಆ ಫೋಟೋ ನೋಡಿದ ದಿನದಿಂದ ನನ್ನ ಕೈಗೆ ಡಬ್ಬಿ ಕೊಡುವುದಿಲ್ಲ. ತಾನೇ ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಾಳೆ.

ಕೊನೆಯದಾಗಿ, ಬರೀ ಮಾತಿನ ಸಾಕ್ಷಿಗಿಂತ ದೊಡ್ಡದು ಒಂದು ಕಾಗದದ ವಿಷಯ.

ನನ್ನ ಸೋದರಮಾವ ಮುಂಬೈಯ ಲಾಲ್‌ಬಾಗ್ ಹತ್ತಿರ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ಡಾ. ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಹೊರಗೆ ಬಂದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಅವರೂ ಒಬ್ಬರು. ಮತ್ತೆ ಒಳಗೆ ಹೋಗಲೇ ಇಲ್ಲ. ಊರಿಗೆ ಬರುವಾಗ ಮಿಲ್ಲಿನ ಟಿಕೆಟ್, ಪಾಸು, ಪಗಾರ ಚೀಟಿ ಎಲ್ಲ ಬಿಸಾಡಿ ಬಂದರು. ಮೂವತ್ತು ವರ್ಷ ಬಿಟ್ಟು, 2012ರಲ್ಲಿ ಮಹಾರಾಷ್ಟ್ರದ ವಸತಿ ಮಂಡಳಿ ಮ್ಹಾಡಾದವರು ಮಿಲ್ ಕಾರ್ಮಿಕರಿಗೆ ಲಾಟರಿಯಲ್ಲಿ ಮನೆ ಕೊಡಲು ಶುರುಮಾಡಿದಾಗ, ಮಿಲ್ಲಿನಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಕೇಳಿದರು. ಮಾವನ ಕೈಯಲ್ಲಿ ಏನೂ ಇರಲಿಲ್ಲ. ನನಗೆ ಅವರು ಹೇಳಿದ್ದು ಒಂದೇ ಮಾತು: ಕಂಪನಿ ಕೊಟ್ಟ ಚೀಟಿ ಒಂದೂ ಹರಿಯಬೇಡ ತಮ್ಮಾ.

ಈಗ ಕಂಪನಿಯ ಆಪಾದನೆ ನೆನಪು ಮಾಡಿಕೊಳ್ಳಿ. ಮೂರು ತಾಸು ಇಡೀ ಕಾರ್ಖಾನೆ ನಿಂತಿತ್ತು ಅಂತ. ಹಾಗೆ ನಿಂತಿದ್ದರೆ ಆ ಮೂರು ತಾಸಿನ ಪಗಾರ ಎಲ್ಲರಿಗೂ ಕಡಿಯಬೇಕಿತ್ತು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಂ ಪ್ರಕಾರ, ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ನೋಟಿಸ್ ಇಲ್ಲದೆ, ಸರಿಯಾದ ಕಾರಣವಿಲ್ಲದೆ ಕೆಲಸ ಬಿಟ್ಟರೆ, ಕರಾರಿನಲ್ಲಿ ಹಾಗೆ ಬರೆದಿದ್ದರೆ, ಎಂಟು ದಿನದವರೆಗಿನ ಪಗಾರ ಕೂಡ ಕಡಿಯಬಹುದಿತ್ತು. ನಿಮಗೆ ಎಷ್ಟು ಕಡಿದರು? ಒಂದು ರೂಪಾಯಿಯೂ ಇಲ್ಲ. ನಿಮ್ಮಲ್ಲೇ ಒಬ್ಬರು ಆ ತಿಂಗಳ ಚೀಟಿ ತೋರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಿನ ಪೂರ್ತಿ, ಮೇಲೆ ಪ್ರೊಡಕ್ಷನ್ ಇನ್ಸೆಂಟಿವ್ ಕೂಡ ಪೂರ್ತಿ. ಮೂರು ತಾಸು ನಿಂತ ಕಾರ್ಖಾನೆಯಲ್ಲಿ ಉತ್ಪಾದನೆಯ ಇನ್ಸೆಂಟಿವ್ ಹೇಗೆ ಪೂರ್ತಿ ಬರುತ್ತದೆ?

ನಮ್ಮ 23 ಜನರ ಚೀಟಿ ಇದಕ್ಕೆ ಉಪಯೋಗವಿಲ್ಲ. ಮರುದಿನದಿಂದಲೇ ಸಸ್ಪೆಂಡ್ ಆಗಿದ್ದರಿಂದ ಯಾವುದಕ್ಕೆ ಎಷ್ಟು ಕಡಿದಿದ್ದಾರೆ ಅಂತ ಬಿಡಿಸಲು ಆಗುವುದಿಲ್ಲ. ಪಗಾರದ ರಿಜಿಸ್ಟರ್ ತರಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿದೆವು. ಹಳೇದು ಇಟ್ಟಿಲ್ಲ ಅಂತ ಕಂಪನಿ ಬರೆದು ಕೊಟ್ಟಿದೆ. ಆ ಕಾಯ್ದೆಯಲ್ಲಿ ಮೂರು ವರ್ಷ ಇಡಬೇಕು ಅಂತಷ್ಟೇ ಇತ್ತು. ಹಾಗಾಗಿ ಆ ತಿಂಗಳ ಲೆಕ್ಕ ಈಗ ಎಲ್ಲಾದರೂ ಉಳಿದಿದ್ದರೆ ಅದು ನಿಮ್ಮ ಮನೆಯ ಟ್ರಂಕಿನಲ್ಲಿ, ಎಲ್‌ಐಸಿ ಪಾಲಿಸಿ ಇಟ್ಟ ಪ್ಲಾಸ್ಟಿಕ್ ಚೀಲದಲ್ಲಿ, ಊರಿನ ಮನೆಯ ಮಾಡಿನಲ್ಲಿ.

ಗೆದ್ದವ ಸೋತ, ಸೋತವ ಸತ್ತ ಅಂತ ಕೋರ್ಟಿನ ಬಗ್ಗೆ ನಮ್ಮ ಹಿರಿಯರು ಹೇಳುತ್ತಾರೆ. ಗೆದ್ದರೂ ಕಂಪನಿ ಹೈಕೋರ್ಟಿಗೆ ಹೋಗುತ್ತದೆ ಅಂತ ನಮಗೆ ಗೊತ್ತು. ಅದಕ್ಕೂ ತಯಾರಿದ್ದೇವೆ. ಆದರೆ ಆ ಹುಡುಗ ಈಗ ಅಫಜಲಪುರದಲ್ಲಿ ಮೂರು ಬೆರಳಿನ ಬಲಗೈಯಲ್ಲಿ ಮೊಬೈಲ್ ರಿಪೇರಿ ಕಲಿಯುತ್ತಿದ್ದಾನೆ. ತಾರೀಕು ಯಾವಾಗ ಅಂತ ಪ್ರತಿ ಸಲ ಕೇಳುತ್ತಾನೆ. ಅವನು ಬಂದು ಹೇಳುತ್ತಾನಂತೆ. ಅವನಿಗೆ ಪ್ರಜ್ಞೆ ತಪ್ಪಿದ ಮೇಲೆ ಗೇಟಿನಲ್ಲಿ ಏನಾಯಿತು ಅಂತ ಹೇಳಲು ಮಾತ್ರ ಬೇರೆಯವರು ಬೇಕು.

ಭಾನುವಾರ ಸಂಜೆ ನಾವು ಲಾಂಡೇವಾಡಿಯಲ್ಲಿ ಸೇರುತ್ತೇವೆ, ಜಾಗ ನಿಮಗೆ ಗೊತ್ತಿರುವುದೇ. ಬರಲು ಆಗದಿದ್ದರೆ ನಮ್ಮಲ್ಲಿ ಯಾರಿಗಾದರೂ ಒಂದು ಫೋನ್ ಮಾಡಿ, ನಾವೇ ನಿಮ್ಮ ಮನೆಗೆ ಬರುತ್ತೇವೆ. ಸಾಕ್ಷಿ ಹೇಳಲು ಧೈರ್ಯ ಬಾರದಿದ್ದರೂ ಪರವಾಗಿಲ್ಲ, 2016ರ ಆಗಸ್ಟ್ ತಿಂಗಳ ಪಗಾರ ಚೀಟಿಯನ್ನು ಹುಡುಕಿ. ಸಿಕ್ಕರೆ ಮಡಿಕೆ ಹರಿಯದ ಹಾಗೆ ಒಂದು ಪುಸ್ತಕದ ನಡುವೆ ಇಟ್ಟುಕೊಂಡು ತನ್ನಿ.

ನಿಮ್ಮವನೇ ಆದ
ಪ್ರೆಸ್ ಶಾಪಿನ ಹಳೆಯ ಆಪರೇಟರ್
ಭೋಸರಿ, ಪುಣೆ